ಸ್ಲೀವ್ ನಂತರ ಮರಳಿ ಬಂದ ತೂಕ: ಎರಡನೆಯ ಶಸ್ತ್ರಚಿಕಿತ್ಸೆಗೆ ಒಪ್ಪಬಹುದೇ?

ಪ್ರಶ್ನೆ: ಶಿರಸಿಯ ಶಿಕ್ಷಕಿ

ನನಗೆ 44 ವರ್ಷ. 2019ರಲ್ಲಿ ಹುಬ್ಬಳ್ಳಿಯಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ (ತೂಕ ಇಳಿಸಲು ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡಾಗ ತೂಕ 118 ಕಿಲೊ ಇತ್ತು. ಎತ್ತರ 158 ಸೆಂಟಿಮೀಟರ್. ಒಂದೂವರೆ ವರ್ಷದಲ್ಲಿ 84ಕ್ಕೆ ಇಳಿದು, ಸಕ್ಕರೆ ಕಾಯಿಲೆಯ ಮಾತ್ರೆಯೂ ನಿಂತಿತ್ತು. ಆಮೇಲೆ ತೂಕ ನಿಧಾನವಾಗಿ ಏರುತ್ತ ಬಂದು ಈಗ 103 ಆಗಿದೆ, ಮಾತ್ರೆಯೂ ಮತ್ತೆ ಶುರುವಾಗಿದೆ. ಇವೆಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಎದೆಯುರಿ. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬಂದು ಕೆಮ್ಮು ಹತ್ತುತ್ತದೆ. ಎರಡು ದಿಂಬು ಇಟ್ಟುಕೊಂಡು ಒರಗಿಯೇ ನಿದ್ದೆ ಮಾಡಬೇಕಾಗಿದೆ.

ಈಚೆಗೆ ತೋರಿಸಿದ ವೈದ್ಯರು ಸ್ಲೀವನ್ನು ಬೈಪಾಸ್ (ಜಠರದ ಚಿಕ್ಕ ಚೀಲವನ್ನು ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ) ಆಗಿ ಬದಲಿಸುವುದು ಒಳ್ಳೆಯದು ಎಂದರು. ಮನೆಯಲ್ಲಿ ಮಾತ್ರ, ಒಮ್ಮೆ ಹೊಟ್ಟೆ ಕೊಯ್ಸಿಕೊಂಡು ಆಗದ್ದು ಇನ್ನೊಮ್ಮೆ ಕೊಯ್ಸಿಕೊಂಡರೆ ಆಗುತ್ತದೆಯೇ ಎಂಬ ಮಾತು ನಡೆದಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧದಿಂದಲೇ ಕೆಲಸ ಆಗಬಹುದೇ, ವಿಮೆ ಎರಡನೆಯ ಸಲ ಹಣ ಕೊಡುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕಾರವಾರದ ಒಬ್ಬ ವೈದ್ಯ

ನಾನು ಶಸ್ತ್ರಚಿಕಿತ್ಸಕನಲ್ಲ, ಸಾಮಾನ್ಯ ವೈದ್ಯ. ಆದರೆ ಇಂಥ ರೋಗಿಗಳನ್ನು ನೋಡುತ್ತಿರುತ್ತೇನೆ. ಮೊದಲು ಲೆಕ್ಕ. ನಿಮ್ಮ ಎತ್ತರಕ್ಕೆ ಸುಮಾರು 62 ಕಿಲೊ ಸರಿಯಾದ ತೂಕವೆಂದು ಹಿಡಿದರೆ, ಆಗ ಹೆಚ್ಚಿಗೆ ಇದ್ದದ್ದು 56 ಕಿಲೊ. ಅದರಲ್ಲಿ 34 ಕಿಲೊ, ಅಂದರೆ ಶೇಕಡ 60ರಷ್ಟು ಹೋಗಿತ್ತು. ಹೆಚ್ಚುವರಿ ತೂಕದ ಅರ್ಧಕ್ಕಿಂತ ಕಡಿಮೆ ಇಳಿದಾಗ ಶಸ್ತ್ರಚಿಕಿತ್ಸೆ ಸಾಲದಾಯಿತು ಎನ್ನುವುದು ರೂಢಿ. ಆದ್ದರಿಂದ ನಿಮ್ಮದು ಮೊದಲಿಗೇ ಕೆಲಸ ಮಾಡದ ಶಸ್ತ್ರಚಿಕಿತ್ಸೆಯಲ್ಲ, ಕೆಲಸ ಮಾಡಿದ ಮೇಲೆ ತೂಕ ಮರಳಿದ ಪ್ರಕರಣ. ಈ ಎರಡಕ್ಕೂ ಕಾರಣ ಬೇರೆಯಿರುವುದರಿಂದ ಪರಿಹಾರವೂ ಬೇರೆಯಾಗುತ್ತದೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಸಪೂರ ಕೊಳವೆಯಷ್ಟನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನಿನ ಹೆಚ್ಚಿನ ಪಾಲು ಬರುವ ಮೇಲ್ಭಾಗವೂ ಅದರೊಡನೆ ಹೋಗುತ್ತದೆ. ಉಳಿದ ಕೊಳವೆಯೊಳಗೆ ಒತ್ತಡ ಹೆಚ್ಚು. ಕೆಳಗಿನ ಬಾಗಿಲು ಮೊದಲಿನಂತೆಯೇ ಬಿಗಿಯಾಗಿರುತ್ತದೆ, ಮೇಲೆ ಅನ್ನನಾಳ ಸೇರುವಲ್ಲಿನ ತಡೆ ಸಡಿಲವಾಗಿರುತ್ತದೆ. ಆಮ್ಲ ಮೇಲಕ್ಕೆ ಬರುವುದು ಇದರಿಂದಲೇ. ಕೊಳವೆ ಹಿಗ್ಗಿದೆಯೇ, ನಡುವೆ ಎಲ್ಲಾದರೂ ತಿರುಚಿಕೊಂಡಿದೆಯೇ, ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಗೂಡಿನೊಳಕ್ಕೆ ಜಾರುವುದು) ಇದೆಯೇ, ಅನ್ನನಾಳದ ಒಳಪದರ ಕೆಟ್ಟಿದೆಯೇ ಎಂಬುದು ಎಂಡೋಸ್ಕೋಪಿ ಮತ್ತು ಬೇರಿಯಂ ಎಕ್ಸ್‌ರೇಗಳಿಂದ ತಿಳಿಯುತ್ತದೆ. ಈ ವರದಿಗಳಿಲ್ಲದೆ ಎರಡನೆಯ ಶಸ್ತ್ರಚಿಕಿತ್ಸೆಯ ದಿನ ನಿಗದಿ ಮಾಡುವವರ ಬಳಿ ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮ್ಲದ ತೊಂದರೆ ನಿಜವಾಗಿಯೂ ಇದ್ದರೆ ರೂ-ಎನ್-ವೈ ಬೈಪಾಸ್‌ಗೆ ಬಲವಾದ ಕಾರಣ ಸಿಕ್ಕಂತೆ. ಅದರಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಚಿಕ್ಕ ಚೀಲವನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಪಿತ್ತರಸ ಬಹಳ ಕೆಳಗೆ ಬಂದು ಸೇರುವುದರಿಂದ ಆಮ್ಲವಾಗಲಿ ಪಿತ್ತವಾಗಲಿ ಮೇಲೆ ಬರುವುದು ಕಡಿಮೆ. ಮಿನಿ ಬೈಪಾಸ್‌ನಲ್ಲಿ ಜೋಡಣೆ ಒಂದೇ ಕಡೆ. ಬೇಗ ಮುಗಿಯುತ್ತದೆ ನಿಜ, ಆದರೆ ಪಿತ್ತ ಮೇಲೆ ಬರುವ ಸಾಧ್ಯತೆ ಇರುವುದರಿಂದ ಈಗಾಗಲೇ ಎದೆಯುರಿ ಇರುವವರಿಗೆ ಅದು ಮೊದಲ ಆಯ್ಕೆಯಲ್ಲ. ಕರುಳನ್ನು ಇನ್ನೂ ಉದ್ದಕ್ಕೆ ಬಳಸಿ ಹೋಗುವ ಸಾಡಿಯಂಥ ವಿಧಾನಗಳಲ್ಲಿ ತೂಕ ಹೆಚ್ಚು ಇಳಿಯುತ್ತದೆ, ಪ್ರೋಟೀನ್ ಕೊರತೆಯೂ ಹೆಚ್ಚು. ನೀವು ಸಸ್ಯಾಹಾರಿಯಾಗಿದ್ದರೆ ಅದು ಸಣ್ಣ ವಿಷಯವಲ್ಲ.

ಎರಡನೆಯ ಸಲದ ಶಸ್ತ್ರಚಿಕಿತ್ಸೆಯಲ್ಲಿ ಒಳಗಿನ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೊಲಿಗೆ ಸೋರುವ ಅಪಾಯ ಮೊದಲ ಸಲಕ್ಕಿಂತ ಹೆಚ್ಚು, ತೂಕ ಇಳಿಯುವುದು ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಕಡಿಮೆ. ಚುಚ್ಚುಮದ್ದಿನ ವಿಷಯಕ್ಕೆ ಬಂದರೆ, ಮೌಂಜಾರೊ 2025ರ ಮಾರ್ಚಿನಲ್ಲಿ, ವೆಗೋವಿ ಅದೇ ವರ್ಷ ಜೂನಿನಲ್ಲಿ ಭಾರತಕ್ಕೆ ಬಂದವು. ಮರಳಿ ಬಂದ ತೂಕಕ್ಕೆ ಇವು ಒಳ್ಳೆಯ ದಾರಿ. ಆದರೆ ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮತ್ತೆ ಏರುತ್ತದೆ, ಹೊಟ್ಟೆ ಖಾಲಿಯಾಗುವುದು ನಿಧಾನವಾಗುವುದರಿಂದ ಕೆಲವರಿಗೆ ಎದೆಯುರಿ ಹೆಚ್ಚುತ್ತದೆ.

ಉತ್ತರ: ಕುಮಟಾದಿಂದ

ಅಕ್ಕೋರೇ, ನಾನು ಸ್ಲೀವ್‌ನಿಂದ ಬೈಪಾಸ್‌ಗೆ ಬದಲಾದವಳು. ನನ್ನ ಹುಳಿನೀರು ಕೆಲವೇ ವಾರಗಳಲ್ಲಿ ನಿಂತಿತು. ತೂಕ ಇಳಿಯಿತಾದರೂ ಮೊದಲ ಸಲದಂತೆ ಧಾರಾಳವಾಗಿ ಅಲ್ಲ. ತೂಕವೊಂದಕ್ಕೇ ಮಾಡಿಸಿಕೊಂಡಿದ್ದರೆ ನನಗೆ ಬೇಸರವಾಗುತ್ತಿತ್ತು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ಬೈಪಾಸ್ ಆದ ಮೇಲಿನ ಶಿಸ್ತು ಸ್ಲೀವ್‌ನದಕ್ಕಿಂತ ಕಟ್ಟುನಿಟ್ಟು. ಕಬ್ಬಿಣ, ಕ್ಯಾಲ್ಸಿಯಂ, ಡಿ ಮತ್ತು ಬಿ12 ಜೀವಸತ್ವಗಳನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಮಂಡಿನೋವಿಗೆಂದು ಅಂಗಡಿಯಲ್ಲಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಕೇಳಿ ನುಂಗುವಂತಿಲ್ಲ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಹಬ್ಬದ ದಿನ ತೊಡದೇವು ಎರಡು ತುಂಡು ಹೆಚ್ಚು ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಒಟ್ಟಿಗೇ ಬಂದು ಹಾಸಿಗೆ ಹಿಡಿಯಬೇಕಾಗುತ್ತದೆ. ಇದನ್ನು ಡಂಪಿಂಗ್ ಎನ್ನುತ್ತಾರೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ಕಾವಲುಗಾರ.

ಇನ್ನೊಂದು ಮಾತು. ಮಳೆಗಾಲದಲ್ಲಿ ಮಾಡಿಸಬೇಡಿ. ಹೊಲಿಗೆ ಸೋರಿದರೆ ಅದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ತಿಳಿಯುವುದು, ಆಗ ಗಂಟೆಗಳೂ ಮುಖ್ಯ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದಾಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಮೇಲೂ ಆಷಾಢದಲ್ಲಿ ಭರವಸೆ ಇಡುವಂತಿಲ್ಲ. ಆ ಎರಡು ವಾರ ಆಸ್ಪತ್ರೆಯಿರುವ ಊರಿನಲ್ಲೇ ನೆಂಟರ ಮನೆಯಲ್ಲಾದರೂ ಉಳಿಯಿರಿ.

ಉತ್ತರ: ಹೊನ್ನಾವರದಿಂದ

ನನಗೂ ಸ್ಲೀವ್ ಆಗಿ ತೂಕ ಮರಳಿತ್ತು, ಆದರೆ ಎದೆಯುರಿ ಇರಲಿಲ್ಲ; ಹಾಗಾಗಿ ಎರಡನೆಯದನ್ನು ಬಿಟ್ಟೆ. ಆಹಾರತಜ್ಞೆ ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಸಿದರು. ಊಟ ನಿಜವಾಗಿಯೂ ಚಿಕ್ಕದಿತ್ತು. ದಿನವಿಡೀ ಕುಡಿದ ಸಕ್ಕರೆ ಚಹಾ, ದೋಸೆಯ ಮೇಲೆ ಸುರಿದ ಜೋನಿಬೆಲ್ಲ, ಸಂಜೆಯ ಹಲಸಿನ ಚಿಪ್ಸ್ ಉಳಿದದ್ದನ್ನು ತುಂಬುತ್ತಿದ್ದವು. ನೀರಾದ, ಮೆತ್ತಗಿನ ಸಿಹಿಯನ್ನು ಸ್ಲೀವ್ ತಡೆಯುವುದಿಲ್ಲ, ಬೈಪಾಸ್ ಕೂಡ ಪೂರ್ತಿ ತಡೆಯಲಾರದು. ವೈದ್ಯರು ಎಂಡೋಸ್ಕೋಪಿಯ ಜೊತೆಗೆ ಈ ಪಟ್ಟಿಯನ್ನೂ ಸೇರಿಸಿ ಹೇಳಬೇಕಿತ್ತು.

ವಿಮೆಗೆ ಸಂಬಂಧಿಸಿ: ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನಿಯಮದಂತೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ಅಥವಾ ಹೆಚ್ಚಿರಬೇಕು, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹೃದ್ರೋಗದಂಥ ತೊಂದರೆ ಇರಬೇಕು. ನಿಮ್ಮ ಲೆಕ್ಕ 41ರ ಸುಮಾರಿಗೆ ಬರುತ್ತದೆ. ಎದೆಯುರಿಯ ಕಾರಣವನ್ನೂ ವೈದ್ಯರಿಂದ ಪತ್ರದಲ್ಲಿ ಬರೆಸಿ, ಕಂಪನಿಯ ಒಪ್ಪಿಗೆ ಲಿಖಿತವಾಗಿ ಬಂದ ಮೇಲೆಯೇ ಮುಂದುವರಿಯಿರಿ.

ಶಿರಸಿಯ ಶಿಕ್ಷಕಿ

ಎಲ್ಲರಿಗೂ ಧನ್ಯವಾದ. 2019ರ ನಂತರ ನನಗೆ ಎಂಡೋಸ್ಕೋಪಿ ಆಗಿಯೇ ಇಲ್ಲ, ಆದ್ದರಿಂದ ಅದನ್ನೇ ಮೊದಲು ಮಾಡಿಸುತ್ತೇನೆ. ಅನ್ನನಾಳ ಕೆಟ್ಟಿದ್ದರೆ ಬೈಪಾಸ್‌ಗೆ ಒಪ್ಪುವುದು, ಇಲ್ಲದಿದ್ದರೆ ಆಹಾರದ ಪಟ್ಟಿ ಮತ್ತು ಚುಚ್ಚುಮದ್ದಿನಿಂದ ಆರು ತಿಂಗಳು ನೋಡುವುದು ಎಂದು ಮನೆಯಲ್ಲಿ ಮಾತಾಗಿದೆ. ಕುಮಟಾದ ತಂಗಿ ಬಿ12 ಅನ್ನು ಮಾತ್ರೆಯಾಗಿ ತೆಗೆದುಕೊಳ್ಳುತ್ತಾರೋ, ಚುಚ್ಚುಮದ್ದಾಗಿಯೋ? ಬೈಪಾಸ್ ಆದವರಿಗೆ ಮಾತ್ರೆ ಸರಿಯಾಗಿ ಹೀರುವುದಿಲ್ಲ ಎಂದು ಕೇಳಿದ್ದೇನೆ.