ಸಿಟಿ ದುಡ್ಡಲ್ಲಿ ಹೋಟೆಲು, ಜೊತೆಗೆ ಯೂನಿಯನ್ ಷರತ್ತು: ಇದೇನ್ ಲೆಕ್ಕ?

ಕೊಪ್ಪದ_ಹುಡ್ಗ:
ಎಲ್ರಿಗೂ ನಮಸ್ಕಾರ. ನಾನಿರೋದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಸಿಟೀಲಿ. ಡೌನ್‌ಟೌನಲ್ಲಿ ಒಂದು ಹಳೇ ಆಫೀಸ್ ಬಿಲ್ಡಿಂಗು ವರ್ಷಗಟ್ಲೆ ಖಾಲಿ ಬಿದ್ದಿದೆ, ಈಗ ಒಬ್ಬ ಡೆವಲಪರ್ ಬಂದು ಇದನ್ನ ಹೋಟೆಲ್ ಮಾಡ್ತೀನಿ, ಆದ್ರೆ ಸಿಟಿ ಟಿಐಎಫ್ ಅನ್ನೋ ತೆರಿಗೆ ಲೆಕ್ಕದ ನೆರವು ಕೊಟ್ರೆ ಮಾತ್ರ ಅಂತಿದಾನೆ. ಕೌನ್ಸಿಲಲ್ಲಿ ಕೆಲವ್ರು ಕೊಡೋಣ, ಆದ್ರೆ ಮೊದ್ಲು ಯೂನಿಯನ್ ಜೊತೆ ಅಗ್ರಿಮೆಂಟಿಗೆ ಸೈನ್ ಹಾಕ್ಲಿ ಅಂತ ಪಟ್ಟು ಹಿಡಿದಿದಾರೆ. ಹಾಗಾದ್ರೆ ಖರ್ಚು ಏರತ್ತೆ, ನಾನ್ ಹೊರಟೆ ಅಂತಾನೆ ಅವ್ನು. ನಂಗೆ ಎರಡು ಡೌಟು. ಪ್ರೈವೇಟ್ ಹೋಟೆಲಿಗೆ ನಮ್ ಟ್ಯಾಕ್ಸ್ ದುಡ್ಡು ಯಾಕೆ? ಕೊಡೋದೇ ಆದ್ರೆ ಇಂಥ ಷರತ್ತು ಹಾಕೋಕೆ ಸಿಟಿಗೆ ಹಕ್ಕಿದ್ಯಾ? ಹಿಯರಿಂಗ್ ಇದೆ, ಹೋಗಿ ಸುಮ್ನೆ ಕೂತು ಬರೋಕೆ ಇಷ್ಟ ಇಲ್ಲ.

ಪಿಟ್ಸ್‌ಬರ್ಗ್_ಶೆಟ್ರು:
ಹಕ್ಕಿದೆ ಮಾರಾಯ್ರೆ, ನೀವಿರೋ ರಾಜ್ಯದಲ್ಲೇ ಕೇಸ್ ನಡೆದು ತೀರ್ಮಾನ ಆಗಿದೆ. ಆದ್ರೆ ಮೊದ್ಲು ಒಂದು ಕೇಳ್ಕೊಳ್ಳಿ, ಯಾವ ಯೂನಿಯನ್ನು? ಕಟ್ಟೋ ಬಡಗಿ, ಎಲೆಕ್ಟ್ರಿಷಿಯನ್, ಪ್ಲಂಬರ್‌ಗಳದ್ದು ಒಂದು, ಕಟ್ಟಿದ್ಮೇಲೆ ಒಳಗಡೆ ಹಾಸಿಗೆ ಹಾಸೋರು ಪಾತ್ರೆ ತೊಳೆಯೋರದ್ದು ಇನ್ನೊಂದು. ಕೌನ್ಸಿಲ್ ಮೀಟಿಂಗಲ್ಲಿ ಎರಡನ್ನೂ ಕಲಸಿ ಮಾತಾಡ್ತಾರೆ, ಡೆವಲಪರ್‌ಗೂ ಅದೇ ಬೇಕು. ಕಟ್ಟೋರ ವಿಷ್ಯದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟು ಬಾಸ್ಟನ್ ಹಾರ್ಬರ್ ಕ್ಲೀನ್ ಮಾಡೋ ಕಾಮಗಾರಿ ಕೇಸಲ್ಲಿ ಹೇಳ್ತು, ಸರ್ಕಾರ ತಾನೇ ಕೆಲ್ಸ ಮಾಡಿಸ್ತಿದ್ರೆ ಬೇರೆ ಮಾಲೀಕರ ಥರಾನೇ ಯೂನಿಯನ್ ಅಗ್ರಿಮೆಂಟ್ ಬೇಕು ಅಂತ ಕೇಳಬಹುದು ಅಂತ.

ಒಳಗೆ ದುಡಿಯೋರದ್ದು ನಮ್ಮೂರ ಕಥೆ. ಸಿಕ್ಸ್ತ್ ಸ್ಟ್ರೀಟಲ್ಲಿ, ಕ್ಲೆಮೆಂಟೆ ಸೇತುವೆ ಪಕ್ಕಕ್ಕೇ 1906ರ ಫುಲ್ಟನ್ ಬಿಲ್ಡಿಂಗ್ ಇದೆ, ಸೇಜ್ ಅನ್ನೋ ಕಂಪನಿ ಅದನ್ನ ರೆನೈಸಾನ್ಸ್ ಹೋಟೆಲ್ ಮಾಡೋಕೆ ಸಿಟಿ ಹತ್ರ ಟಿಐಎಫ್ ತಗೊಳ್ತು. ಸಿಟೀದು 1999ರ ಒಂದು ಆರ್ಡಿನೆನ್ಸ್, ಅಂದ್ರೆ ಸ್ಥಳೀಯ ಕಾನೂನು ಇತ್ತು, ನಮ್ ಹಣ ಸಿಕ್ಕಿಕೊಂಡಿರೋ ಹೋಟೆಲ್ ಆದ್ರೆ ಯೂನಿಯನ್ ಜೊತೆ ಒಪ್ಪಂದ ಆಗ್ಲೇಬೇಕು ಅಂತ: ಕೆಲಸಗಾರರು ಯೂನಿಯನ್ ಸೇರೋದ್ರಲ್ಲಿ ಹೋಟೆಲ್ ತಲೆಹಾಕೋ ಹಾಗಿಲ್ಲ, ಅರ್ಧಕ್ಕಿಂತ ಹೆಚ್ಚು ಜನ ಯೂನಿಯನ್ ಬೇಕು ಅನ್ನೋ ಕಾರ್ಡಿಗೆ ಸೈನ್ ಹಾಕಿದ್ರೆ ಹೋಟೆಲ್ ಯೂನಿಯನ್ನ ಒಪ್ಕೋಬೇಕು, ಅತ್ಲಾಗೆ ಯೂನಿಯನ್ ಸ್ಟ್ರೈಕು ಪಿಕೆಟಿಂಗು (ಬಾಗಿಲ ಮುಂದೆ ಧರಣಿ) ಮಾಡೋ ಹಾಗಿಲ್ಲ. ಕಂಪನಿ ಸೈನ್ ಮಾಡ್ತು, ಆಮೇಲೆ ಇದು ಫೆಡರಲ್ ಕಾನೂನಿಗೆ ವಿರುದ್ಧ ಅಂತ ವರಾತ ತೆಗೀತು. ಕೇಸು ಫಿಲಡೆಲ್ಫಿಯಾದ ಥರ್ಡ್ ಸರ್ಕ್ಯೂಟ್ ಅನ್ನೋ ಫೆಡರಲ್ ಮೇಲ್ಮನವಿ ಕೋರ್ಟ್ ತನಕ ಹೋಗಿ 2004ರಲ್ಲಿ ಹೋಟೆಲ್ ಕೆಲಸಗಾರರ ಯೂನಿಯನ್ನಿನ ಇಲ್ಲಿನ ಶಾಖೆ, ಲೋಕಲ್ 57, ಗೆಲ್ತು. ಕೋರ್ಟ್ ನೋಡಿದ್ದು ಇಷ್ಟೇ, ಸಿಟಿ ಹಣ ನಿಜಕ್ಕೂ ಒಳಗಿದ್ಯಾ, ಷರತ್ತು ಆ ಹಣದ ವ್ಯವಹಾರ ಮೀರಿ ಹೋಗಿದ್ಯಾ. ಹೋಟೆಲಿಂದ ಬರೋ ತೆರಿಗೇಲೇ ಸಾಲ ತೀರಬೇಕು, ಸ್ಟ್ರೈಕ್ ಆಗಿ ರೂಮು ಖಾಲಿ ಬಿದ್ರೆ ಸಿಟಿಗೇ ತಾನೆ ಪೆಟ್ಟು!

ಎಲ್ಲಾ ಕಡೆ ಹೀಗೇ ಅಂತಲ್ಲ. ಮಿಲ್ವಾಕಿ ಕೌಂಟಿ ವೃದ್ಧರ, ಅಂಗವಿಕಲರ ಸೇವೆ ಕಾಂಟ್ರ್ಯಾಕ್ಟಿಗೆ ಇಂಥದ್ದೇ ಷರತ್ತು ಹಾಕಿತ್ತು, 2005ರಲ್ಲಿ ಷಿಕಾಗೋದ ಸೆವೆಂತ್ ಸರ್ಕ್ಯೂಟ್ ಕೋರ್ಟ್ ಅದನ್ನ ಹೊಡೆದು ಹಾಕ್ತು.

ಧಾರವಾಡ_ಪೇಢಾ:
ಶೆಟ್ರು ಹೇಳಿದ್ದು ಖರೇ, ಆದ್ರ ಮೊದಲ್ನೇ ಪ್ರಶ್ನಿಗೆ ಉತ್ತರಾನ ಕೊಡಲಿಲ್ಲ. ನಮ್ಮ ಬಾಲ್ಟಿಮೋರ್ ಕಥಿ ಕೇಳ್ರಿ. ಕನ್ವೆನ್ಷನ್ ಸೆಂಟರ್‌ಗೆ ಮಂದಿ ಬರವಲ್ರು, ಬಾಜೂಕ ದೊಡ್ಡ ಹೋಟೆಲ್ ಇದ್ರ ಬರ್ತಾರ ಅಂತ ಹೇಳಿ ಸಿಟಿನ ಮಾಲೀಕ ಆಗಿ ಹತ್ತತ್ರ 30 ಕೋಟಿ ಡಾಲರ್ ಬಾಂಡ್ ತಗದು ಹಿಲ್ಟನ್ ಕಟ್ಟಿಸ್ತು. 757 ರೂಮು. ಬಾಗ್ಲಾ ತಗದದ್ದು ಯಾವಾಗ? 2008ರ ಆಗಸ್ಟ್. ಮುಂದಿನ ತಿಂಗಳ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಆರ್ಥಿಕ ಬಿಕ್ಕಟ್ಟು ಜೋರಾತು. ಮುಂದ ಎಷ್ಟೋ ವರ್ಷ ನಷ್ಟದ ಲೆಕ್ಕಾನ ಬಂತ್ರಿ. ಮ್ಯಾಲ ಕ್ಯಾಮ್ಡೆನ್ ಯಾರ್ಡ್ಸ್‌ನಾಗ ಕುಂತು ಬೇಸ್‌ಬಾಲ್ ನೋಡೋವಾಗ ಬ್ರೋಮೋ ಸೆಲ್ಟ್ಜರ್ ಗಡಿಯಾರದ ಗೋಪುರ ಕಾಣ್ತಿತ್ತು, ಅದಕ್ಕೂ ಈ ಹೋಟೆಲ್ ಅಡ್ಡ ಬಂತು. ಇದ್ರಾಗ ಹಾಸಿಗಿ ಹಾಸೋ ಹೆಣ್ಮಕ್ಕಳ ಪಗಾರದ ತಪ್ಪೇನೈತಿ? ಸಾಲದ ಲೆಕ್ಕಾ ಹಾಕ್ದವರು ಆಸೆಬುರುಕ್ತನ ಮಾಡ್ಯಾರ.

ನೈಟ್_ಆಡಿಟ್_ನಂಜು:
ಹೋಟೆಲ್ ಲೈನಲ್ಲೇ ಇರೋನು, ರಾತ್ರಿ ಡ್ಯೂಟಿ. ಖರ್ಚು ಏರತ್ತೆ ಅನ್ನೋದು ಸುಳ್ಳಲ್ಲ, ಅದನ್ನ ಒಪ್ಕೊಂಡೇ ಮಾತಾಡಿ, ಇಲ್ಲಾಂದ್ರೆ ಹಿಯರಿಂಗಲ್ಲಿ ನಗ್ತಾರೆ. ಆದ್ರೆ ಜಗಳ ಬರೀ ಗಂಟೆಗೆ ಎಷ್ಟು ಡಾಲರ್ ಅನ್ನೋದಲ್ಲ, ಒಂದು ಶಿಫ್ಟಿಗೆ ಎಷ್ಟು ರೂಮು ಅನ್ನೋದು. ಗೆಸ್ಟ್ ಇನ್ನೂ ಇರೋ ರೂಮಾದ್ರೆ ಟವಲ್ ಬದ್ಲಾಯಿಸಿ ಕಸ ತೆಗೆದ್ರೆ ಆಯ್ತು, ಚೆಕ್‌ಔಟ್ ರೂಮಲ್ಲಿ ಶೀಟಿಂದ ಹಿಡಿದು ಬಾತ್‌ರೂಮ್ ಟೈಲ್ಸ್ ತನಕ ಎಲ್ಲಾ ಹೊಸದಾಗಿ, ಎರಡು ಕ್ವೀನ್ ಬೆಡ್ ಇದ್ರಂತೂ ಸೊಂಟ ಬಿದ್ದೋಗತ್ತೆ, ಬೋರ್ಡಲ್ಲಿ ಮಾತ್ರ ಎರಡೂ ಒಂದೊಂದೇ ರೂಮು. ಯೂನಿಯನ್ ಇರೋ ಕಡೆ ಇದಕ್ಕೆ ಲಿಮಿಟ್ ಬರೆಸ್ಕೊಳ್ತಾರೆ. ಸ್ಟ್ರೈಕ್ ಆದ್ರೆ ಏನಾಗತ್ತೆ ಅಂದ್ರಾ, 2018ರಲ್ಲಿ ಮ್ಯಾರಿಯೆಟ್ ಹೋಟೆಲ್‌ಗಳಲ್ಲಿ 8 ಊರಲ್ಲಿ ಸುಮಾರು 7,700 ಜನ ಹೊರಗೆ ಬಂದ್ರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡು ತಿಂಗಳು ಎಳೀತು. ಕಾನ್ಫರೆನ್ಸ್ ಬುಕ್ ಮಾಡೋರು ಪಿಕೆಟ್ ಲೈನ್ ಇದೆ ಅಂದ್ರೆ ಆ ಕಡೆ ತಲೆ ಹಾಕಿ ಮಲಗಲ್ಲ.

ಕೊಪ್ಪದ_ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ನಮ್ ಕೌನ್ಸಿಲ್ ಕೇಳ್ತಿರೋದು ಒಳಗಿನ ಕೆಲಸಗಾರರದ್ದು ಅಂತ ಈಗ ಅರ್ಥ ಆಯ್ತು, ಡೆವಲಪರ್ ಪೇಪರಲ್ಲಿ ಕೊಟ್ಟಿರೋದು ಪೂರ್ತಿ ಕಟ್ಟೋ ಖರ್ಚಿನ ಲೆಕ್ಕ! ಟಿಐಎಫ್ ನಾವು ಕೈಯಿಂದ ಕೊಡೋ ದುಡ್ಡಾ ಅಥ್ವಾ ಬಿಟ್ಟುಕೊಡೋ ಟ್ಯಾಕ್ಸಾ?

ಪಿಟ್ಸ್‌ಬರ್ಗ್_ಶೆಟ್ರು:
ಬಿಲ್ಡಿಂಗಿಗೆ ಈಗ ಬರ್ತಿರೋ ಆಸ್ತಿ ತೆರಿಗೆ ಹಾಗೇ ಬರತ್ತೆ, ಹೋಟೆಲ್ ಆದ್ಮೇಲೆ ಬೆಲೆ ಏರಿ ಬರೋ ಹೆಚ್ಚುವರಿ ತೆರಿಗೇನ ಅಥ್ವಾ ಅದ್ರ ಒಂದು ಪಾಲನ್ನ ವರ್ಷಗಟ್ಲೆ ಪ್ರಾಜೆಕ್ಟಿನ ಸಾಲಕ್ಕೆ ಜಮಾ ಮಾಡ್ತಾರೆ. ಆ ಹೆಚ್ಚುವರೀಲಿ ಸ್ಕೂಲಿನ ಪಾಲೂ ಇರತ್ತೆ, ಅದಕ್ಕೇ ಪೆನ್ಸಿಲ್ವೇನಿಯಾದಲ್ಲಿ ಸಿಟಿ ಜೊತೆ ಕೌಂಟಿ, ಸ್ಕೂಲ್ ಡಿಸ್ಟ್ರಿಕ್ಟನ್ನೂ ಕೇಳ್ತಾರೆ. ಕೌನ್ಸಿಲ್ ಹಿಯರಿಂಗ್ ಒಂದಕ್ಕೇ ಹೋಗ್ಬೇಡಿ, ಸ್ಕೂಲ್ ಬೋರ್ಡ್ ಮೀಟಿಂಗಿಗೂ ಹೋಗಿ, ಅಲ್ಲಿ ಜನಾನೂ ಕಮ್ಮಿ ಇರ್ತಾರೆ. ಎಷ್ಟು ಪರ್ಸೆಂಟ್, ಎಷ್ಟು ವರ್ಷ, ಹೋಟೆಲ್ ಮುಳುಗಿದ್ರೆ ಸಾಲ ಯಾರ ತಲೆಗೆ, ಇಷ್ಟನ್ನ ಬರವಣಿಗೇಲಿ ಕೇಳಿ.

ಧಾರವಾಡ_ಪೇಢಾ:
ವರ್ಷಕ್ಕ ಎಷ್ಟು ರೂಮು ತುಂಬ್ತಾವ ಅಂತ ಹಿಡಿದಾರ ಅದನ್ನೂ ಕೇಳ್ರಿ. ನಮ್ಮಲ್ಲಿ ಗುಂಡಿಗೆ ಬಿದ್ದದ್ದು ಅಲ್ಲೇ.