ಕೋ-ಪೈಲಟ್ ‘ಬೇಡ ಸರ್’ ಅಂದರೆ ಕ್ಯಾಪ್ಟನ್ ಕೇಳ್ತಾರಾ? – ನಮ್ಮ ಗುಂಪಿನ ಈ ವಾರದ ಪ್ರಶ್ನೋತ್ತರ

ಪ್ರಶ್ನೆ (ಕಾರವಾರ, ಎಂಬಿಎ ವಿದ್ಯಾರ್ಥಿನಿ):
ನಮಸ್ಕಾರ ಸರ್. ನೀವು ಮೂವತ್ತು ವರ್ಷ ವಿಮಾನ ಹಾರಿಸಿ, ಅದರಲ್ಲಿ ಹತ್ತು ವರ್ಷ ಹೊಸಬರಿಗೆ ಕಲಿಸಿದವರು ಅಂತ ಅಡ್ಮಿನ್ ಹೇಳಿದರು. ನಾನು ಪ್ರಾಜೆಕ್ಟ್‌ಗೆ ‘ಭಾರತದ ವಿಮಾನಯಾನ: ಹೊಸ ವ್ಯವಹಾರ ಮಾದರಿಗಳು ಮತ್ತು ಪೈಲಟ್ ತರಬೇತಿ’ ಅಂತ ವಿಷಯ ಕೊಟ್ಟಿದ್ದೆ. ‘ಇದು ಅರಬ್ಬಿ ಸಮುದ್ರದಷ್ಟಾಯ್ತು, ಒಂದು ಬಾವಿ ತೋಡು’ ಅಂದರು ಗೈಡ್. ಕಾರವಾರದಲ್ಲಿ ಕೂತು ಏನು ತೋಡೋದು? ನಮ್ಮೂರಲ್ಲಿ ಇರುವ ವಿಮಾನ ಅಂದ್ರೆ ಟಾಗೋರ್ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟ ನೌಕಾಪಡೆಯ ಹಳೆಯ ಟುಪೊಲೆವ್ ಒಂದೇ. ಅದೂ ಹಾರಲ್ಲ.

ಉತ್ತರ:
ಆ ಟುಪೊಲೆವ್ ಬಗ್ಗೆ ಹಗುರಾಗಿ ಮಾತಾಡಬೇಡ ತಂಗಿ! 29 ವರ್ಷ ನೌಕಾಪಡೆಯಲ್ಲಿ ದುಡಿದು 2017ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿಯಾದ ಜಾತಿ ಅದು. ಮುಂದಿನ ಸಲ ಹೋದಾಗ ಒಂದು ವಿಷಯ ಯೋಚಿಸು. ಅದರೊಳಗೆ ಒಬ್ಬಿಬ್ಬರಲ್ಲ, ಒಂದು ತಂಡವೇ ಇರುತ್ತಿತ್ತು. ತಪ್ಪು ಯಾರ ಕಣ್ಣಿಗೆ ಮೊದಲು ಬಿತ್ತು, ಅವರು ಬಾಯಿ ಬಿಟ್ಟರಾ, ಬಿಟ್ಟರೆ ದೊಡ್ಡವರು ಕೇಳಿದರಾ? ನಿನ್ನ ಬಾವಿ ಇಲ್ಲೇ ಇದೆ.

ನಾನಾದರೆ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಪಕ್ಕದ ಸೀಟಿನ ಕಿರಿಯ ಪೈಲಟ್ ‘ಗೋ ಅರೌಂಡ್’ ಅಂದ ಮೇಲೆ ಏನಾಗುತ್ತದೆ? ಗೋ ಅರೌಂಡ್ ಅಂದರೆ ಇಳಿಯುವುದನ್ನು ಬಿಟ್ಟು, ಮತ್ತೆ ಮೇಲೇರಿ, ಇನ್ನೊಂದು ಸುತ್ತು ಬರುವುದು. ಅದರಲ್ಲಿ ಅವಮಾನ ಏನೂ ಇಲ್ಲ. ಒಂದಿಷ್ಟು ಇಂಧನ ಹೋಗುತ್ತದೆ, ಹತ್ತು-ಹದಿನೈದು ನಿಮಿಷ ತಡ ಆಗುತ್ತದೆ, ಅಷ್ಟೇ.

ನಮ್ಮ ಕರಾವಳಿಯದ್ದೇ ಉದಾಹರಣೆ ತಗೋ. 2010ರ ಮೇ 22, ಮಂಗಳೂರು. ದುಬೈನಿಂದ ಬಂದ ವಿಮಾನ. 158 ಜನ ಹೋದರು, ಬದುಕಿದ್ದು 8 ಜನ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ ಬರುತ್ತಿತ್ತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಅಂದರು. ಕ್ಯಾಪ್ಟನ್ ಇಳಿಸಿದರು. ಚಕ್ರ ನೆಲ ಮುಟ್ಟಿದ್ದು ರನ್‌ವೇ ಶುರುವಾಗಿ ಸುಮಾರು 5,200 ಅಡಿ ಆದ ಮೇಲೆ. ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು ಅನ್ನುವುದು ಧ್ವನಿ ರೆಕಾರ್ಡಿನಲ್ಲೇ ಸಿಕ್ಕಿತು. ಎದ್ದ ಕೂಡಲೇ ತಲೆ ಮಂಕಾಗಿರುತ್ತದಲ್ಲ, ತನಿಖೆ ಅದನ್ನೂ ಎತ್ತಿ ಹೇಳಿತು.

ಹತ್ತು ವರ್ಷ ಬಿಟ್ಟು, 2020ರ ಆಗಸ್ಟ್ 7, ಕೋಯಿಕ್ಕೋಡ್‌ನ ಕರಿಪುರ. ಮಳೆ, ರಾತ್ರಿ, ಅದೇ ಥರ ಗುಡ್ಡದ ಮೇಲಿನ ರನ್‌ವೇ. 21 ಸಾವು. ಕೋ-ಪೈಲಟ್ ಗೋ ಅರೌಂಡ್ ಅಂದರೂ ಕ್ಯಾಪ್ಟನ್ ಮುಂದುವರಿಸಿದರು ಅಂತ ತನಿಖಾ ವರದಿ ಬರೆಯಿತು. ಅಲ್ಲಿಗೇ ನಿಲ್ಲಲಿಲ್ಲ. ಕೋ-ಪೈಲಟ್ ತಾನೇ ಕಂಟ್ರೋಲ್ ತೆಗೆದುಕೊಂಡು ಮೇಲೇರಿಸಲಿಲ್ಲ ಅನ್ನುವುದನ್ನೂ ಕಾರಣದಲ್ಲಿ ಸೇರಿಸಿತು.

ಎರಡೂ ಕಡೆ ಕಿರಿಯರು ಬಾಯಿ ಮುಚ್ಚಿ ಕೂತಿರಲಿಲ್ಲ, ಗಮನಿಸು. ‘ಮಾತಾಡಲು ಕಲಿಸಿ’ ಅಂತ ಬರೆದ ಪ್ರಾಜೆಕ್ಟ್ ಬೇಕಾದಷ್ಟು ಸಿಗುತ್ತವೆ. ಮಾತು ಮುಗಿದ ಮೇಲೆ ಕೈ ಹಾಕುವುದು ಯಾವಾಗ? ಕ್ಯಾಪ್ಟನ್ ಕೈಯಿಂದ ವಿಮಾನ ಕಿತ್ತುಕೊಳ್ಳುವುದು ಅಂದರೆ ಸುಮ್ನೆ ಅಲ್ಲ. ಸಿಮ್ಯುಲೇಟರ್‌ನಲ್ಲಿ ಅದನ್ನು ಎಷ್ಟು ಸಲ ನಿಜವಾಗಿ ಮಾಡಿಸುತ್ತಾರೆ? ಇದನ್ನು ಹಿಡಿದುಕೊಂಡು ಹೋಗು.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ):
ಚೆನ್ನಾಗಿದೆ ಸರ್, ಆದ್ರೆ ನಾನು ಎಂಬಿಎ. ಗೈಡ್ ‘ಇದರಲ್ಲಿ ಮ್ಯಾನೇಜ್‌ಮೆಂಟ್ ಎಲ್ಲಿದೆ?’ ಅಂತ ಕೇಳೇ ಕೇಳ್ತಾರೆ. ಇನ್ನೊಂದು, ನಮ್ಮವರು ದೊಡ್ಡವರ ಎದುರು ಮಾತಾಡಲ್ಲ, ಹಾಗಾಗಿ ಇದು ನಮ್ಮ ಸಂಸ್ಕೃತಿಯ ಸಮಸ್ಯೆ ಅಂತ ಬರೆಯಬಹುದಾ?

ಉತ್ತರ:
ಎರಡನೆಯದಕ್ಕೆ ಮೊದಲು. ಬೇಡ. ಮಂಗಳೂರಿನ ಕ್ಯಾಪ್ಟನ್ ಭಾರತದವರೇ ಅಲ್ಲ. 1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಒಂದು ವಿಮಾನ ಇಂಧನ ಖಾಲಿಯಾಗಿ ಬಿತ್ತು. ಕ್ಯಾಪ್ಟನ್ ಚಕ್ರದ ತೊಂದರೆಯಲ್ಲೇ ಮುಳುಗಿದ್ದರು. ಇಂಧನ ಇಳಿಯುತ್ತಿದ್ದದ್ದು ಉಳಿದವರಿಗೆ ಕಾಣುತ್ತಿತ್ತು, ಗಟ್ಟಿಯಾಗಿ ಹೇಳಲಿಲ್ಲ. ಎಲ್ಲರೂ ಅಮೆರಿಕದವರೇ. ಅದಕ್ಕೆ ಹಿಂದಿನ ವರ್ಷ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ಡಿಕ್ಕಿಯಾಗಿ 583 ಜನ ಸತ್ತಿದ್ದರು. ಅಲ್ಲಿಯೂ ಕಾಕ್‌ಪಿಟ್‌ನ ಹಿಂದಿನ ಸೀಟಿನ ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದ್ದರು. ಇದನ್ನೆಲ್ಲ ನೋಡಿಯೇ ನಾಸಾ 1979ರಲ್ಲಿ ಒಂದು ಕಾರ್ಯಾಗಾರ ನಡೆಸಿತು. ಇವತ್ತು ಎಲ್ಲ ಪೈಲಟ್‌ಗಳೂ ಕಲಿಯುವ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್, ಅಂದರೆ ಕಾಕ್‌ಪಿಟ್‌ನಲ್ಲಿ ತಂಡವಾಗಿ ಕೆಲಸ ಮಾಡುವುದು) ತರಬೇತಿ ಹುಟ್ಟಿದ್ದು ಅಲ್ಲಿಂದ. ಸಂಸ್ಕೃತಿ ಅಂತ ಒಂದು ಪದ ಬರೆದುಬಿಟ್ಟರೆ ಮುಂದೆ ಹುಡುಕುವುದೇ ನಿಂತುಹೋಗುತ್ತದೆ.

ಇನ್ನು ಮ್ಯಾನೇಜ್‌ಮೆಂಟ್. ಕರಿಪುರದ ವರದಿಯನ್ನೇ ಪೂರ್ತಿ ಓದು. ಕೋಯಿಕ್ಕೋಡ್ ನೆಲೆಯಲ್ಲಿ ಆಗ 26 ಕೋ-ಪೈಲಟ್‌ಗಳಿಗೆ ಇದ್ದ ಕ್ಯಾಪ್ಟನ್ ಒಬ್ಬರೇ ಒಬ್ಬರು. ಮರುದಿನ ಬೆಳಿಗ್ಗೆಯ ಹಾರಾಟಕ್ಕೂ ಈ ವಿಮಾನದ ಕ್ಯಾಪ್ಟನ್ನೇ ಬೇಕಿತ್ತು. ಹೇಗಾದರೂ ಇಲ್ಲೇ ಇಳಿಯಬೇಕು ಅನ್ನುವ ಒತ್ತಡಕ್ಕೆ ಅದೂ ಸೇರಿತು, ಅದರ ಹಿಂದೆ ಕಂಪನಿಯ ಸಿಬ್ಬಂದಿ ನೀತಿ ಇತ್ತು ಅಂತ ವರದಿ ಹೇಳುತ್ತದೆ. ಯಾರೋ ಒಬ್ಬರು ಆಫೀಸಿನಲ್ಲಿ ಕೂತು ಯಾವ ಊರಿಗೆ ಎಷ್ಟು ಕ್ಯಾಪ್ಟನ್ ಅಂತ ಎಕ್ಸೆಲ್ ಹಾಳೆ ಮಾಡಿದ್ದರಲ್ಲ, ಅದು ಮಳೆಯ ರಾತ್ರಿ ಕಾಕ್‌ಪಿಟ್ ತನಕ ಬಂತು. ಇದಕ್ಕಿಂತ ಮ್ಯಾನೇಜ್‌ಮೆಂಟ್ ಬೇಕಾ ನಿನ್ನ ಗೈಡ್‌ಗೆ?

ಪ್ರಶ್ನಾವಳಿ ಬಗ್ಗೆ ಒಂದು ಮಾತು. ‘ನೀವು ಕ್ಯಾಪ್ಟನ್‌ಗೆ ಧೈರ್ಯವಾಗಿ ಹೇಳುತ್ತೀರಾ? ಹೌದು / ಇಲ್ಲ’ ಅಂತ ಕೇಳಿದರೆ ನೂರಕ್ಕೆ ನೂರು ‘ಹೌದು’ ಬರುತ್ತದೆ. ಸುಳ್ಳು ಅಂತಲ್ಲ, ಖುರ್ಚಿಯಲ್ಲಿ ಕೂತಾಗ ಎಲ್ಲರೂ ಧೈರ್ಯವಂತರೇ. ಬದಲಿಗೆ ಒಂದು ಸನ್ನಿವೇಶ ಕೊಡು. ‘1,000 ಅಡಿ. ವೇಗ ಜಾಸ್ತಿ. ಈಗ ನಿಮ್ಮ ಬಾಯಿಂದ ಬರುವ ಮಾತನ್ನು ಹಾಗೇ ಬರೆಯಿರಿ. 500 ಅಡಿ. ಏನೂ ಬದಲಾಗಿಲ್ಲ. ಈಗ?’ ಜೂಡಿತ್ ಒರಸಾನು ಮತ್ತು ಉಟೆ ಫಿಶರ್ ಅನ್ನುವ ಸಂಶೋಧಕರು ಸುಮಾರು ಇದೇ ದಾರಿಯಲ್ಲಿ ಹೋಗಿದ್ದರು. ಕ್ಯಾಪ್ಟನ್‌ಗಳು ಆಜ್ಞೆ ಕೊಡುತ್ತಾರೆ, ಕೋ-ಪೈಲಟ್‌ಗಳು ಸೂಚನೆಯ ಧಾಟಿಯಲ್ಲಿ ಸುಳಿವು ಕೊಡುತ್ತಾರೆ ಅಂತ ಅವರಿಗೆ ಕಂಡಿತು.

ನನ್ನದೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಜೂನ್ ತಿಂಗಳ ರಾತ್ರಿ. ಊರು, ಕಂಪನಿ ಬೇಡ. ಗಾಜಿನ ಮೇಲೆ ನೀರು ಹರಿಯುತ್ತಾ ಇದೆ, ರನ್‌ವೇ ದೀಪ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ. ನಾವು ಎತ್ತರ ಇದ್ದೇವೆ ಅಂತ ನನಗೆ ಖಾತ್ರಿಯಾಗಿ ಗೊತ್ತಿತ್ತು. ನಾನು ಅಂದದ್ದು: ‘ಸರ್, ಸ್ವಲ್ಪ ಹೈ ಇರಬಹುದಾ ಅಂತ…’ ಆ ‘ಅಂತ’ ಆದ ಮೇಲೆ ವಾಕ್ಯವೇ ಇಲ್ಲ, ನೋಡು! ಅವರು ‘ಹ್ಞೂಂ’ ಅಂದರು. ಇಳಿದೆವು. ನಿಂತಾಗ ಮುಂದೆ ರನ್‌ವೇ ಕೊನೆಯ ಕೆಂಪು ದೀಪಗಳ ಸಾಲು ತೀರಾ ಹತ್ತಿರ ಇತ್ತು. ಅವರು ಚಹಾ ಕುಡಿಯೋಣ ಬಾ ಅಂದರು. ಕಪ್ಪು ಹಿಡಿದ ನನ್ನ ಕೈ ಅಲ್ಲಾಡುತ್ತಿತ್ತು, ಅವರದೂ ಅಲ್ಲಾಡುತ್ತಿತ್ತು. ಇಬ್ಬರೂ ಆ ಇಳಿತದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಪ್ರತಿಕ್ರಿಯೆ (ತದಡಿ, ಮೀನುಗಾರಿಕೆ):
ಕ್ಯಾಪ್ಟನ್ ಸಾಹೇಬ್ರೇ, ಇದು ನಮ್ಮ ಬೋಟಿನ ಕಥೆಯೇ ಆಯ್ತಲ್ಲ ಮಾರಾಯ್ರೇ. ಬೋಟಿನಲ್ಲಿ ತಾಂಡೇಲನ, ಅಂದ್ರೆ ಬೋಟ್ ನಡೆಸುವ ಮುಖ್ಯಸ್ಥನ, ಮಾತೇ ಕೊನೆ. ಆದ್ರೆ ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ದಾಟುವಾಗ ಮಾತ್ರ ಬೇರೆ ಲೆಕ್ಕ. ಮುಂದೆ ನಿಂತ ಖಲಾಸಿ (ಬೋಟಿನ ಕೆಲಸಗಾರ) ತೆರೆ ನೋಡಿ ಕೈ ಎತ್ತಿದ್ರೆ ತಾಂಡೇಲ ಇಂಜಿನ್ ವೇಗ ಇಳಿಸಲೇಬೇಕು. ಯಾಕೆ ಅಂತ ಆಮೇಲೆ ಕೇಳೋದು. ಬಾಯಲ್ಲಿ ಕೂಗೋದಿಲ್ಲ, ಇಂಜಿನ್ ಸದ್ದಿಗೆ ಕೇಳೋದೂ ಇಲ್ಲ. ಖಲಾಸಿ ನಿನ್ನೆ ಸೇರಿದ ಹುಡುಗ ಆದ್ರೂ ಅಷ್ಟೇ.

ಉತ್ತರ:
ತಂಗಿ, ಕಾರವಾರದಲ್ಲಿ ಕೂತು ಏನು ಮಾಡಲಿ ಅಂತ ಕೇಳಿದ್ದೆಯಲ್ಲ. ಬೈತ್‌ಕೋಲ್ ಬಂದರು ನಿನ್ನ ಕಾಲೇಜಿಂದ ಎಷ್ಟು ದೂರ? ಇಪ್ಪತ್ತು ತಾಂಡೇಲರು, ಇಪ್ಪತ್ತು ಖಲಾಸಿಗಳು, ಜೊತೆಗೆ ಫೋನಿನಲ್ಲಿ ಸಿಗುವಷ್ಟು ಪೈಲಟ್‌ಗಳು. ಅದೇ ಥರದ ಸನ್ನಿವೇಶ ಎರಡೂ ಕಡೆಗೆ. ತದಡಿಯವರು ಹೇಳಿದ್ದರಲ್ಲಿ ಮುಖ್ಯವಾದದ್ದು ಏನು ಗೊತ್ತಾ? ಒಂದು ಜಾಗ, ಒಂದು ಸನ್ನೆ, ಚರ್ಚೆ ಇಲ್ಲ. ವಿಮಾನದಲ್ಲೂ ಒಳ್ಳೆಯ ಕಂಪನಿಗಳ ನಿಯಮ ಹೀಗೇ ಇದೆ: ಇಷ್ಟು ಅಡಿಗೆ ಬಂದಾಗ ವೇಗ, ದಿಕ್ಕು, ಇಳಿಯುವ ದರ ಸರಿ ಇಲ್ಲದಿದ್ದರೆ ಗೋ ಅರೌಂಡ್, ಯಾರು ಅಂದರೂ ಸರಿ. ಅಳಿವೆಯಲ್ಲಿ ಇದು ನಡೆಯುತ್ತದೆ, ಕಾಗದದಲ್ಲಿ ಇದ್ದರೂ ರನ್‌ವೇ ಮುಂದೆ ಕೆಲವೊಮ್ಮೆ ನಡೆಯುವುದಿಲ್ಲ. ಯಾಕೆ?

ಉತ್ತರ ನನಗೂ ಬೇಕು. ಮುಗಿಸಿದ ಮೇಲೆ ಒಂದು ಪ್ರತಿ ಕಳಿಸು.

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿ, ಪಾಲಕರು):
ಸಂಶೋಧನೆ ನಡುವೆ ನಮ್ಮದೊಂದು ಸಂಸಾರದ ಪ್ರಶ್ನೆ. ಮಗ ಪಿಯುಸಿ ಸೈನ್ಸ್ ಮುಗಿಸಿದ. ಪೈಲಟ್ ಆಗ್ತೇನೆ ಅಂತ ಹಟ. ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕಾಗ್ತದೆ. ಈ ವರ್ಷ ಕೊಳೆ ರೋಗ ಬೇರೆ ಬಂದಿದೆ. ಫ್ಲೈಯಿಂಗ್ ಸ್ಕೂಲಿನವರು ಪೂರ್ತಿ ಫೀ ಒಮ್ಮೆಲೇ ಕಟ್ಟಿದ್ರೆ ರಿಯಾಯಿತಿ ಅಂತಿದ್ದಾರೆ. ಕಟ್ಟಬಹುದಾ?

ಉತ್ತರ:
ಕಟ್ಟಬೇಡಿ. ಒಂದು ರೂಪಾಯಿಯೂ ಈಗ ಬೇಡ.

ಮೊದಲು ವೈದ್ಯಕೀಯ. ಡಿಜಿಸಿಎ (ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿದ ವೈದ್ಯರಿಂದ ಕ್ಲಾಸ್ 2 ಪ್ರಮಾಣಪತ್ರ, ಆಮೇಲೆ ಕ್ಲಾಸ್ 1. ವ್ಯಾಪಾರಿ ಪೈಲಟ್ ಲೈಸೆನ್ಸ್‌ಗೆ ಕ್ಲಾಸ್ 1 ಇಲ್ಲದೆ ಆಗುವುದಿಲ್ಲ. ಬಣ್ಣ ಗುರುತಿಸುವ ತೊಂದರೆ ಎಷ್ಟೋ ಹುಡುಗರಿಗೆ ಅಲ್ಲಿ ತನಕ ಗೊತ್ತೇ ಇರುವುದಿಲ್ಲ. ಹಣ ಕಟ್ಟಿ ಆರು ತಿಂಗಳಾದ ಮೇಲೆ ಅದು ಗೊತ್ತಾದ ಮನೆಗಳನ್ನು ನೋಡಿದ್ದೇನೆ.

ಲೈಸೆನ್ಸ್‌ಗೆ 18 ವರ್ಷ ಆಗಿರಬೇಕು, 200 ಗಂಟೆ ಹಾರಾಟ ಆಗಬೇಕು. ಅದರಲ್ಲಿ 100 ಗಂಟೆ ತಾನೇ ಪೈಲಟ್ ಆಗಿ. ನ್ಯಾವಿಗೇಶನ್, ಹವಾಮಾನ, ನಿಯಮಗಳು, ಟೆಕ್ನಿಕಲ್ ಅಂತ ಪರೀಕ್ಷೆಗಳು, ಪಾಸಾಗಲು 70 ಅಂಕ. ಜೊತೆಗೆ ರೇಡಿಯೋ ಪರೀಕ್ಷೆ. ಈ ಓದನ್ನು ಮನೆಯಲ್ಲೇ ಕೂತು ಶುರು ಮಾಡಬಹುದು. ಎರಡು ಪೇಪರ್ ಪಾಸು ಮಾಡಿ ತೋರಿಸು ಅನ್ನಿ ಮಗನಿಗೆ. ಹಟವೋ ಆಸೆಯೋ ಅಲ್ಲೇ ಗೊತ್ತಾಗುತ್ತದೆ.

ಸ್ಕೂಲ್ ನೋಡಲು ಹೋದಾಗ ಬ್ರೋಷರ್ ಪಕ್ಕಕ್ಕಿಡಿ. ಇವತ್ತು ನಿಜವಾಗಿ ಹಾರಿದ ವಿಮಾನ ಎಷ್ಟು, ಬಿಡಿಭಾಗ ಇಲ್ಲದೆ ಹ್ಯಾಂಗರ್‌ನಲ್ಲಿ ನಿಂತದ್ದು ಎಷ್ಟು ಅಂತ ಕೇಳಿ. ಹೊರಗೆ ಚಹಾ ಅಂಗಡಿಯಲ್ಲಿ ಹುಡುಗರು ಸಿಗುತ್ತಾರೆ. ಕಳೆದ ಮೂರು ತಿಂಗಳಲ್ಲಿ ನಿನ್ನ ಲಾಗ್‌ಬುಕ್ಕಿಗೆ ಎಷ್ಟು ಗಂಟೆ ಬಂತಪ್ಪ ಅಂತ ಕೇಳಿ. 200 ಗಂಟೆಗೆ ಕೆಲವು ಕಡೆ ಒಂದೂವರೆ ವರ್ಷ ಆಗುತ್ತದೆ, ಕೆಲವು ಕಡೆ ಮೂರಾದರೂ ಮುಗಿಯುವುದಿಲ್ಲ. ಮಳೆಗಾಲದಲ್ಲಂತೂ ಸಣ್ಣ ವಿಮಾನಗಳು ನಿಂತೇ ಇರುತ್ತವೆ. ಹಾರಿದಷ್ಟಕ್ಕೆ ಕಂತು ಕಟ್ಟುವ ಕರಾರು ಬೇಕು. ನೀವು ಅಡಿಕೆ ಕೊನೆ ಕೊಯ್ಲಿನವರಿಗೆ ಮರ ಹತ್ತುವ ಮೊದಲೇ ಇಡೀ ವರ್ಷದ ಕೂಲಿ ಕೊಡ್ತೀರಾ? ಹಾಗೇ ಇದೂ.

ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಶಾಲೆ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿ ಸಂಸ್ಥೆಗಳಿಗೆ 2021ರಲ್ಲಿ ಜಾಗ ಕೊಟ್ಟರು. ಎಲ್ಲವನ್ನೂ ಕಣ್ಣಾರೆ ನೋಡಿ ಬನ್ನಿ.

ಇನ್ನೊಂದು ಖರ್ಚು ಯಾರೂ ಮೊದಲೇ ಹೇಳುವುದಿಲ್ಲ. ಲೈಸೆನ್ಸ್ ಸಿಕ್ಕ ಮೇಲೆ ಏರ್‌ಬಸ್ 320 ಅಥವಾ ಎಟಿಆರ್ ಥರದ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್ ಅಂತ ಬೇರೆಯೇ ತರಬೇತಿ ಇದೆ. ಅದು ಮತ್ತೆ ಲಕ್ಷಗಳ ಲೆಕ್ಕ. ಅದಾದ ಮೇಲೂ ಕೆಲಸ ಖಾತ್ರಿ ಇಲ್ಲ.

ಪ್ರಶ್ನೆ (ಕುಮಟಾ): ಕಾಮರ್ಸ್ ಓದಿದವರಿಗೆ ದಾರಿ ಇಲ್ವಾ?

ಉತ್ತರ: ಇದೆ. ಫಿಸಿಕ್ಸ್, ಗಣಿತ ಎರಡನ್ನೂ ಎನ್‌ಐಒಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲೆ) 12ನೇ ತರಗತಿ ಮಟ್ಟದಲ್ಲಿ ಕಟ್ಟಿ ಪಾಸು ಮಾಡಿ ಬಂದವರು ಬಹಳ ಜನ ಇದ್ದಾರೆ.

ಪ್ರಶ್ನೆ (ಹೊನ್ನಾವರ): ಪೈಲಟ್‌ಗಳಿಗೆ ವಿಶ್ರಾಂತಿ ಕೊಟ್ಟದ್ದಕ್ಕೆ ವಿಮಾನ ರದ್ದಾಯ್ತಂತೆ, ಅದೇನು ಕಥೆ? ನನ್ನ ತಂಗಿ ಎರಡು ದಿನ ಬೆಂಗಳೂರಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

ಉತ್ತರ: ಹೊಸ ನಿಯಮ ದಿಢೀರಂತ ಬಂದದ್ದಲ್ಲ. 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ಒಬ್ಬ ಪೈಲಟ್ ರಾತ್ರಿ ವಿಮಾನ ಇಳಿಸುವ ಮಿತಿ ಆರು ಸಲದಿಂದ ಎರಡು ಸಲಕ್ಕೆ ಬಂತು. ಎರಡನೇ ಹಂತ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ಡಿಸೆಂಬರ್ ಮೊದಲ ವಾರ ದೇಶದ ಅತಿ ದೊಡ್ಡ ಕಂಪನಿಯ ಸಾವಿರಾರು ಹಾರಾಟ ರದ್ದಾದವು, ಡಿಜಿಸಿಎ ಆ ಕಂಪನಿಗೆ ತಾತ್ಕಾಲಿಕ ಸಡಿಲಿಕೆ ಕೊಟ್ಟಿತು. ಕಡಿಮೆ ಜನ, ಜಾಸ್ತಿ ಹಾರಾಟ, ಅದೇ ಅಗ್ಗದ ಟಿಕೆಟ್ಟಿನ ಗುಟ್ಟು. ಅದನ್ನು ಜಾಣ್ಮೆ ಅಂತಲೇ ಬಿಸಿನೆಸ್ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ನಿಮ್ಮ ತಂಗಿಗೆ ಆದ ತೊಂದರೆಗೆ ಬೇಸರ ಇದೆ. ಆದರೆ ಪೈಲಟ್‌ಗಳನ್ನು ನಿದ್ದೆಗೆಡಿಸಿ ಹಾರಿಸುವುದರ ಪರವಾಗಿ ನಾನು ಮಾತಾಡಲಾರೆ, ಮಂಗಳೂರು ನೆನಪಾಗುತ್ತದೆ.

ಪ್ರಶ್ನೆ (ಅಂಕೋಲಾ): ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದ್ರೆ ನಮ್ಮ ಹುಡುಗರಿಗೆ ಕೆಲಸ ಸಿಗ್ತದಾ?

ಉತ್ತರ: ನೌಕಾಪಡೆಯ ನಿಲ್ದಾಣ, ಪಕ್ಕದಲ್ಲಿ ನಾಗರಿಕ ವಿಭಾಗ ಅನ್ನುವ ಯೋಜನೆ ಅದು. ನೆಲದ ಕೆಲಸಗಳು ಬರಬಹುದು: ಭದ್ರತೆ, ಅಗ್ನಿಶಾಮಕ, ಸಾಮಾನು ಸಾಗಣೆ. ಅದನ್ನು ನಂಬಿಕೊಂಡು ಈಗಲೇ ‘ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ’ಗೆ ಲಕ್ಷ ಸುರಿಯಬೇಡಿ. ಭೂಮಿ ಕೊಟ್ಟ ಮನೆಯವರು ಕೆಲಸದ ಮಾತನ್ನು ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ.

ಶಿರಸಿಯ ಪಾಲಕರು: ಧನ್ಯವಾದ ಕ್ಯಾಪ್ಟನ್ರೇ. ಸ್ಕೂಲಿನವರಿಗೆ ಈಗ ಬೇಡ ಅಂತ ಫೋನ್ ಮಾಡಿದೆ. ಗುರುವಾರ ಹುಬ್ಬಳ್ಳಿಗೆ ಹೋಗಿ ಮೊದಲು ಕಣ್ಣು ತೋರಿಸಿಕೊಂಡು ಬರ್ತೇವೆ. ಮಗ ಮಾತಾಡ್ತಾ ಇಲ್ಲ.

ಉತ್ತರ: ಮಾತಾಡ್ತಾನೆ ಬಿಡಿ. ಅವನ ಹಳೆಯ ಕನ್ನಡಕದ ಚೀಟಿ ಇದ್ದರೆ ಅದನ್ನೂ ತಗೊಂಡು ಹೋಗಿ. ಬಣ್ಣದ ಪರೀಕ್ಷೆ ಬೇಕು ಅಂತ ಬಾಯಿ ಬಿಟ್ಟು ಹೇಳಿ, ಹೇಳದಿದ್ದರೆ ಎಷ್ಟೋ ಕಡೆ ಮಾಡುವುದಿಲ್ಲ.