ಅಮ್ಮನ ಬ್ಯಾಲೆನ್ಸ್ ಟೆಸ್ಟ್‌ನಲ್ಲಿ 17 ಸೆಕೆಂಡು ಬಂತು, ಇದನ್ನು ನಂಬಬಹುದಾ? ಅನುಭವ ಇದ್ದವರು ಹೇಳಿ

ತುಂಗಾತೀರ
ಅಮ್ಮನಿಗೆ 71. ನಾಲ್ಕು ತಿಂಗಳಲ್ಲಿ ಎರಡು ಸಲ ಬಚ್ಚಲಲ್ಲಿ ಬಿದ್ದರು. ಮೂಳೆ ಮುರಿದಿಲ್ಲ, ಪುಣ್ಯ. ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋ ಹತ್ತಿರ ಕರೆದುಕೊಂಡು ಹೋದೆ. ಕುರ್ಚಿಯಿಂದ ಎದ್ದು ನಡೆದು ವಾಪಸ್ ಬಂದು ಕೂರುವುದಕ್ಕೆ 17 ಸೆಕೆಂಡು. ಅರ್ಧ ನಿಮಿಷದಲ್ಲಿ ಕೂತು ಎದ್ದದ್ದು 7 ಸಲ. ಒಂಟಿ ಕಾಲಿನಲ್ಲಿ 3 ಸೆಕೆಂಡು. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಿತು. 'ಬೀಳುವ ಅಪಾಯ ಜಾಸ್ತಿ' ಅಂತ ಬರೆದು 24 ಸಿಟ್ಟಿಂಗ್ ಹೇಳಿದ್ದಾರೆ, ಒಂದಕ್ಕೆ 600 ರೂಪಾಯಿ. ಇಷ್ಟು ಸರಳ ಟೆಸ್ಟ್ ಮೇಲೆ 14,400 ಖರ್ಚು ಮಾಡಬಹುದಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾಡಿಸಿದ್ದೀರಾ?

ಕಾಫಿಹೂ
ನಮ್ಮ ಅಪ್ಪನ ಕಥೆ ಹೇಳುತ್ತೇನೆ. 2019ರಲ್ಲಿ ಬಲ ಮಂಡಿ ಬದಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಮನೆಗೆ ಒಬ್ಬ ಫಿಸಿಯೋ ಬರುತ್ತಿದ್ದರು, ದಿನಕ್ಕೆ 500. ಪ್ರತಿ ದಿನ ಮಂಡಿ ಮಡಚಿಸಿ 'ಹತ್ತಿರ ಹತ್ತಿರ 90 ಬಂದಿದೆ ಸಾರ್' ಅನ್ನುತ್ತಿದ್ದರು. ಕಣ್ಣಂದಾಜು. ಒಂದು ದಿನವೂ ಗೋನಿಯೋಮೀಟರ್ (ಕೋನ ಅಳೆಯುವ ಪಟ್ಟಿ) ಇಟ್ಟಿದ್ದನ್ನು ನಾನು ನೋಡಲಿಲ್ಲ.

ಆರು ವಾರ ಆಯಿತು. ಅಪ್ಪ ಕುರ್ಚಿಯಿಂದ ಏಳಲು ಒದ್ದಾಡುತ್ತಿದ್ದರು. ಅನುಮಾನ ಬಂದು ಬೇರೆಯವರ ಹತ್ತಿರ ಹೋದೆವು. ಆಕೆ ಪ್ಲಾಸ್ಟಿಕ್ ಅಳತೆಪಟ್ಟಿಯ ನಡುವನ್ನು ಮಂಡಿಯ ಹೊರಬದಿಗೆ ಇಟ್ಟರು. ಒಂದು ತೋಳು ಸೊಂಟದ ಪಕ್ಕದ ಮೂಳೆಯ ಕಡೆಗೆ, ಇನ್ನೊಂದು ಹರಡಿನ ಹೊರಗಿನ ಗುಬ್ಬಿಯ ಕಡೆಗೆ. ಮೂರು ಸಲ ಅಳೆದರು. 72 ಡಿಗ್ರಿ. ಕಾಲು ಪೂರ್ತಿ ನೇರವೂ ಆಗುತ್ತಿರಲಿಲ್ಲ, 10 ಡಿಗ್ರಿ ಬಾಗಿಯೇ ಇತ್ತು. ಮೆಟ್ಟಿಲು ಹತ್ತುವುದಕ್ಕೇ 80-90 ಬೇಕು ಅಲ್ವಾ!

ಎಂಟನೇ ವಾರ ಮತ್ತೆ ಅನಸ್ತೇಶಿಯಾ ಕೊಟ್ಟು ಮಂಡಿಯನ್ನು ಮಡಚಿಸಬೇಕಾಯಿತು. 46,000. ವಿಮೆಯವರು ಮೊದಲು ಒಪ್ಪಲೇ ಇಲ್ಲ, ಐದು ತಿಂಗಳು ಪತ್ರ ಬರೆದ ಮೇಲೆ 28,000 ಕೊಟ್ಟರು. ಆಟೋಗೆ ಹೋಗಿ ಬರಲು 360, ಅದೂ 31 ದಿನ. ಎಲ್ಲ ಬರೆದಿಟ್ಟಿದ್ದೇನೆ. ಈಗ 112 ಡಿಗ್ರಿ ಬಗ್ಗುತ್ತದೆ. ಹಬ್ಬದ ದಿನ ಎಲೆ ಮುಂದೆ ಎಲ್ಲರೂ ನೆಲದಲ್ಲಿ ಕೂತರೆ ಅಪ್ಪ ಒಬ್ಬರೇ ಮೇಜಿನ ಹತ್ತಿರ. ಅಳೆಯದ ಫಿಸಿಯೋಗೆ ಒಂದು ರೂಪಾಯಿ ಕೊಡಬೇಡಿ.

ಸೂರ್ಯನಮಸ್ಕಾರ108
ನನಗೆ 66. ದಿನವೂ ಬೆಳಗ್ಗೆ ಐದಕ್ಕೆ ಎದ್ದು ಯೋಗ, 31 ವರ್ಷದಿಂದ ತಪ್ಪಿಲ್ಲ. ಒಂಟಿ ಕಾಲಿನಲ್ಲಿ 40 ಸೆಕೆಂಡು ನಿಲ್ಲುತ್ತೇನೆ. ನೆಲದಲ್ಲಿ ಕೂತು, ಕೈ ಊರದೆ, ಮಂಡಿ ಊರದೆ ಏಳುತ್ತೇನೆ. ಈ ಟೆಸ್ಟ್‌ಗೆ 10 ಅಂಕ. ಕೂರಲು 5, ಏಳಲು 5. ಕೈಯೋ ಮಂಡಿಯೋ ಊರಿದರೆ ಒಂದೊಂದಕ್ಕೆ 1 ಅಂಕ ಹೋಗುತ್ತದೆ, ತೂರಾಡಿದರೆ ಅರ್ಧ. ನನಗೆ ಹತ್ತಕ್ಕೆ ಹತ್ತು.

ಬ್ರೆಜಿಲ್‌ನ ವೈದ್ಯರ ಅಧ್ಯಯನ 2022ರಲ್ಲಿ ಬಂದಿದೆ. 51ರಿಂದ 75 ವಯಸ್ಸಿನ 1,702 ಜನ. ಒಂಟಿ ಕಾಲಿನಲ್ಲಿ 10 ಸೆಕೆಂಡು ನಿಲ್ಲಲಾಗದವರು ಐವರಲ್ಲಿ ಒಬ್ಬರು. ಮುಂದಿನ ವರ್ಷಗಳಲ್ಲಿ ತೀರಿಕೊಂಡವರ ಪ್ರಮಾಣ ಅವರಲ್ಲೇ ಜಾಸ್ತಿ. ನಮ್ಮ ಹಿರಿಯರು ನೆಲದಲ್ಲಿ ಕೂತು ಉಂಡರು, ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದರು. ಸೋಫಾ, ಕಮೋಡ್ ಬಂದ ಮೇಲೆ ಮಂಡಿ ಹೋಯಿತು. ತಾಯಿಯವರನ್ನು ಇವತ್ತಿನಿಂದಲೇ ನೆಲದಲ್ಲಿ ಕೂರಿಸಿ ಎಬ್ಬಿಸಿ.

ಅರೆಮಂಡಿ
ಬಿದ್ದಿರುವ 71 ವರ್ಷದವರನ್ನು ಕೈ ಊರದೆ ಏಳಿಸುವುದಾ? ದಯವಿಟ್ಟು ಇಂಥ ಸಲಹೆ ಕೊಡಬೇಡಿ. ನಾನು ಸುಮ್ನೆ ಹೇಳುತ್ತಿಲ್ಲ.

ಏಳನೇ ವಯಸ್ಸಿನಿಂದ ಭರತನಾಟ್ಯ ಕಲಿತೆ. ಮೈ ಬಳ್ಳಿಯ ಹಾಗೆ ಬಾಗುತ್ತಿತ್ತು. ಎಲ್ಲರೂ ಹೊಗಳಿದರು. ಪ್ರತಿ ಕಾರ್ಯಕ್ರಮದಲ್ಲೂ ನನ್ನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು. 24ಕ್ಕೆ ಬಲ ಭುಜ ಜಾರಿತು. ಆಮೇಲೆ ಹಾಸಿಗೆಯಲ್ಲಿ ಹೊರಳಿದರೂ ಜಾರತೊಡಗಿತು. ಮೂರು ವರ್ಷ ಮೂರು ಕಡೆ ತೋರಿಸಿದೆ. ಎಲ್ಲರೂ 'ಇನ್ನೂ ಸ್ಟ್ರೆಚ್ ಮಾಡಿ' ಅಂದರು. ನನ್ನ ಕೀಲು ಮೊದಲೇ ಬೇಕಾದದ್ದಕ್ಕಿಂತ ಜಾಸ್ತಿ ಸಡಿಲ!

ಕೊನೆಗೆ ಒಬ್ಬ ವೈದ್ಯೆ ಎರಡು ನಿಮಿಷದಲ್ಲಿ ಬೈಟನ್ ಅಂಕ ತೆಗೆದರು. ಕಿರುಬೆರಳು 90 ಡಿಗ್ರಿ ಮೀರಿ ಹಿಂದಕ್ಕೆ ಹೋಗುತ್ತದಾ, ಹೆಬ್ಬೆರಳು ಮುಂಗೈಗೆ ತಾಗುತ್ತದಾ, ಮೊಣಕೈ ಮತ್ತು ಮಂಡಿ 10 ಡಿಗ್ರಿಗಿಂತ ಜಾಸ್ತಿ ಹಿಂದಕ್ಕೆ ಬಾಗುತ್ತವಾ. ಎರಡೂ ಕಡೆ ನೋಡುತ್ತಾರೆ, ಹಾಗಾಗಿ ಎಂಟು. ಮಂಡಿ ಮಡಚದೆ ಅಂಗೈ ನೆಲಕ್ಕೆ ತಾಗಿದರೆ ಇನ್ನೊಂದು. ಒಟ್ಟು 9ರಲ್ಲಿ ದೊಡ್ಡವರಿಗೆ 5 ಬಂದರೇ ಸಡಿಲ ಅನ್ನುತ್ತಾರೆ. ನನಗೆ 8. ಆಪರೇಷನ್, ಎರಡೂವರೆ ಲಕ್ಷ, ವೃತ್ತಿ ಅಲ್ಲಿಗೇ ನಿಂತಿತು. ಬಾಗುವುದೇ ಆರೋಗ್ಯ ಅಂತ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ.

ಸೂರ್ಯನಮಸ್ಕಾರ108
ನಿಮಗೆ ಆದದ್ದು ಬೇಜಾರಿನ ವಿಷಯ ತಾಯಿ. ಆದರೆ ನೃತ್ಯ ಬೇರೆ, ಯೋಗ ಬೇರೆ. ಯೋಗವನ್ನು ಯಾಕೆ ಎಳೆಯುತ್ತೀರಿ?

ಅರೆಮಂಡಿ
'ಇನ್ನೂ ಸ್ಟ್ರೆಚ್ ಮಾಡಿ' ಅಂದ ಮೂವರಲ್ಲಿ ಒಬ್ಬರು ಯೋಗ ಗುರುಗಳೇ. ಅದಕ್ಕೆ ಎಳೆದೆ.

ಹುಬ್ಬಳ್ಳಿಅಕ್ಕ
ಕಾಲಿನ ಟೆಸ್ಟ್ ಎಲ್ಲ ಆಮೇಲೆ, ಮೊದಲು ಕಿವಿ ತೋರಿಸ್ರಿ. ನನಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯೇ ತಿರುಗುತ್ತಿತ್ತು. ಕುತ್ತಿಗೆ ಮೂಳೆ ಸವೆದಿದೆ ಅಂದರು. ಐದು ತಿಂಗಳು ಕಾಲರ್ ಹಾಕಿಕೊಂಡೆ. ಬೇಸಿಗೆಯಲ್ಲಿ ಹುಬ್ಬಳ್ಳಿಯ ಸೆಕೆಗೆ ಕುತ್ತಿಗೆ ತುಂಬ ಬೆವರುಸಾಲೆ. ಎಂಆರ್‌ಐಗೆ 8,500. ಎರಡನೇ ಸಲ ಇನ್ನೊಂದು ಕಡೆ 7,800, ಮೊದಲನೆಯದು 'ಸ್ಪಷ್ಟ ಇಲ್ಲ' ಅಂತ. ತಲೆಸುತ್ತಿನ ಮಾತ್ರೆ ಎಷ್ಟು ನುಂಗಿದೆನೋ. ಮಾತ್ರೆಯ ಮಂಪರಿನಲ್ಲಿ ಒಮ್ಮೆ ಒಲೆ ಆರಿಸುವುದನ್ನೂ ಮರೆತೆ.

ಕಿವಿ ಮೂಗು ಗಂಟಲು ಡಾಕ್ಟರು ಏನು ಮಾಡಿದರು ಗೊತ್ತಾ? ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ತಲೆ 45 ಡಿಗ್ರಿ ಬಲಕ್ಕೆ ತಿರುಗಿಸಿ ಗಕ್ಕನೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. ಕಣ್ಣು ಪಟಪಟ ತಿರುಗತೊಡಗಿತು. ಡಿಕ್ಸ್-ಹಾಲ್‌ಪೈಕ್ ಅಂತ ಹೆಸರು, 1952ರಿಂದ ಇರುವ ಟೆಸ್ಟ್. ಒಳಕಿವಿಯ ಸಣ್ಣ ಹರಳು ಜಾಗ ತಪ್ಪಿ ನಾಳದೊಳಗೆ ಹೋಗಿತ್ತು. ಅಲ್ಲೇ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಎಪ್ಲಿ ಅನ್ನುವ ಚಿಕಿತ್ಸೆ ಮಾಡಿದರು. ಎರಡು ಸಲಕ್ಕೆ ಗುಣ. ಫೀಸು 400. ಐದು ತಿಂಗಳು ಯಾರೂ ಇದನ್ನು ಮಾಡಲಿಲ್ಲ ಅಂತ ನೆನೆದರೆ ಇವತ್ತಿಗೂ ಅಳು ಬರುತ್ತದೆ.

ಅಳತೆಪಟ್ಟಿ
ನಾನು ಫಿಸಿಯೋ, 14 ವರ್ಷದ ಅನುಭವ. ಇಲ್ಲಿ ಎಲ್ಲರೂ ನಮ್ಮ ವೃತ್ತಿಯನ್ನು ಬೈಯುವುದನ್ನು ಓದಿ ಬರೆಯುತ್ತಿದ್ದೇನೆ.

ಆ 17 ಸೆಕೆಂಡು ಸುಳ್ಳೂ ಅಲ್ಲ, ಸುಮ್ನೆಯೂ ಅಲ್ಲ. ಆದರೆ ಹೇಗೆ ತೆಗೆದರು ಎಂಬುದು ಮುಖ್ಯ. ಕೈ ಇರುವ ಕುರ್ಚಿ, ಸೀಟಿನ ಎತ್ತರ ಸುಮಾರು 46 ಸೆಂಟಿಮೀಟರ್. ನೆಲದಲ್ಲಿ 3 ಮೀಟರ್ ಗುರುತು. ದಿನವೂ ಹಾಕುವ ಚಪ್ಪಲಿ, ಮಾಮೂಲಿ ನಡಿಗೆ. ಕೋಲು ಬಳಸುವವರಾದರೆ ಕೋಲೂ ಇರಲಿ. ಒಂದು ಸಲ ಅಭ್ಯಾಸ, ಆಮೇಲೆ ಗಡಿಯಾರ. 12 ಸೆಕೆಂಡು ಅಥವಾ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಕೂತು ಏಳುವುದರಲ್ಲಿ 70-74ರ ಹೆಂಗಸರಿಗೆ 10ಕ್ಕಿಂತ ಕಡಿಮೆ ಅಂದರೆ ಕಡಿಮೆಯೇ. ಅಲ್ಲಿ ಕೈಯನ್ನು ಎದೆಗೆ ಕಟ್ಟಿಕೊಂಡಿರಬೇಕು. ಕೈ ಊರಿ ಎದ್ದರೆ ಅಂಕ ಸೊನ್ನೆ.

ನನ್ನ ಹತ್ತಿರ ಒಬ್ಬ ಅಜ್ಜ ಬರುತ್ತಿದ್ದರು. ಮೊದಲ ದಿನ 22 ಸೆಕೆಂಡು. ಬ್ಯಾಲೆನ್ಸ್ ನೋಡುವ ಬರ್ಗ್ ಪರೀಕ್ಷೆಯಲ್ಲಿ 14 ಕೆಲಸಕ್ಕೆ 56 ಅಂಕ ಇರುತ್ತದೆ, ಅವರಿಗೆ 37. ಹತ್ತು ವಾರ ಕಾಲಿನ ಬಲ, ತಿರುಗುವುದು, ಅಡ್ಡ ಹೆಜ್ಜೆ ಮಾಡಿಸಿದೆ. 13 ಸೆಕೆಂಡು, 47 ಅಂಕ. ಆ ಹಾಳೆ ಇಲ್ಲದಿದ್ದರೆ ಅವರ ಮಕ್ಕಳು ನಾಲ್ಕನೇ ವಾರವೇ ನಿಲ್ಲಿಸುತ್ತಿದ್ದರು. ದೇವಸ್ಥಾನದ ಮೆಟ್ಟಿಲು ಹತ್ತಿದ ದಿನ ಅವರೇ ಫೋನ್ ಮಾಡಿದರು. ಯಂತ್ರ ಇಲ್ಲದ ಟೆಸ್ಟ್ ಅಂದರೆ ಜನಕ್ಕೆ ಬೆಲೆ ಇಲ್ಲ, ಅದೇ ನನಗೆ ನೋವು.

ಕಾಫಿಹೂ
ಅಳೆಯುವವರನ್ನು ನಾನು ಬೈದಿಲ್ಲ. ಅಳೆಯದವರನ್ನು ಬೈದೆ. ಎರಡನೇ ಫಿಸಿಯೋನೇ ಅಪ್ಪನನ್ನು ಉಳಿಸಿದ್ದು. ಅಂದಹಾಗೆ ಈಗ ನಾನು ಮೊಬೈಲ್ ಆ್ಯಪ್‌ನಲ್ಲೇ ವಾರವಾರ ಕೋನ ಅಳೆಯುತ್ತೇನೆ.

ಅಳತೆಪಟ್ಟಿ
ಮೊಬೈಲನ್ನು ಪ್ರತಿ ಸಲ ಅದೇ ಜಾಗಕ್ಕೆ ಇಡದಿದ್ದರೆ 5-10 ಡಿಗ್ರಿ ಆರಾಮಾಗಿ ತಪ್ಪುತ್ತದೆ. ಅದನ್ನು ನೋಡಿ ಅಪ್ಪನನ್ನು ಗದರಿಸಬೇಡಿ.

ಕಾಫಿಹೂ
ನಾನು ಅಪ್ಪನನ್ನು ಗದರಿಸುತ್ತೇನೆ ಅಂತ ನಿಮಗೆ ಯಾರು ಹೇಳಿದರು? ಪೆನ್ನಿನಲ್ಲಿ ಗುರುತು ಹಾಕಿಯೇ ಇಡುತ್ತೇನೆ. ಸೂರ್ಯನಮಸ್ಕಾರದವರಿಗೂ ಒಂದು ಮಾತು. ನಮ್ಮ ಅಪ್ಪ 60 ವರ್ಷ ತೋಟದಲ್ಲಿ ಕುಕ್ಕರಗಾಲಲ್ಲೇ ಕೂತವರು. ಕಮೋಡ್ ಬಂದದ್ದು ಆಪರೇಷನ್ ಆದ ಮೇಲೆ.

ಸೂರ್ಯನಮಸ್ಕಾರ108
ಒಬ್ಬರ ಕಥೆ ಇಟ್ಟುಕೊಂಡು ಎಲ್ಲರಿಗೂ ಹೇಳಬೇಡಿ. 2017ರಲ್ಲೇ ಸರ್ಕಾರ ಮಂಡಿಯ ಇಂಪ್ಲಾಂಟ್‌ಗೆ ಬೆಲೆ ಮಿತಿ ಹಾಕಿತು, ಮಾಮೂಲಿಯದಕ್ಕೆ ಆಗ 54,720. ಅದಾದ ಮೇಲೆ ಎಲ್ಲರೂ ಸುಲಭ ಅಂತ ಆಪರೇಷನ್‌ಗೆ ಓಡುತ್ತಿದ್ದಾರೆ.

ಕಾಫಿಹೂ
ಸುಲಭವಾ? ಮಿತಿ ಇಂಪ್ಲಾಂಟ್‌ಗೆ ಮಾತ್ರ, ರೂಮು, ಆಪರೇಷನ್ ಥಿಯೇಟರ್, ಸರ್ಜನ್ ಫೀಸಿಗೆ ಇಲ್ಲ. ನಮ್ಮ ಬಿಲ್ಲು 2 ಲಕ್ಷ 31 ಸಾವಿರ. ರಾತ್ರಿ ನೋವಿಗೆ ಅಪ್ಪ ಗೋಡೆ ಹಿಡಿದು ಕೂರುತ್ತಿದ್ದರು. ನೋಡದೆ ಮಾತಾಡಬೇಡಿ.

ಹದಿನೇಳುಸೆಂ
ನಡುವೆ ಬಂದದ್ದಕ್ಕೆ ಕ್ಷಮಿಸಿ. ಅಳೆಯುವ ಮಾತು ಬಂತಲ್ಲ, ಅದಕ್ಕೆ. ಆರು ವರ್ಷ ನನ್ನ ಸೊಂಟನೋವಿಗೆ 'ಡಿಸ್ಕ್' ಅಂತಲೇ ಔಷಧ. ಬೆಳಗಿನ ಜಾವ ನಾಲ್ಕಕ್ಕೆ ನೋವಿಗೆ ಎಚ್ಚರ. ಎದ್ದು ಓಡಾಡಿದರೆ ಕಡಿಮೆ. ಮಲಗಿ ವಿಶ್ರಾಂತಿ ತಗೊಳ್ಳಿ ಅಂದರು, ಮಲಗಿದಷ್ಟೂ ಬಿಗಿಯಿತು. ತೂಕ ಕಟ್ಟಿ ಸೊಂಟ ಎಳೆಯುವ ಟ್ರ್ಯಾಕ್ಷನ್ 20 ದಿನ, ಬೆಲ್ಟು ಮೂರು, ರಜೆ ಹೋಗಿ ಸಂಬಳ ಕಟ್ಟು.

ಬೆಂಗಳೂರಿನಲ್ಲಿ ಒಬ್ಬ ರುಮಟಾಲಜಿ (ಕೀಲುವಾತ) ಡಾಕ್ಟರು ಹೊಲಿಗೆ ಟೇಪು ತೆಗೆದರು. ಸೊಂಟದ ಎರಡು ಗುಳಿಗಳ ಮಟ್ಟದಿಂದ 10 ಸೆಂಟಿಮೀಟರ್ ಮೇಲೆ, 5 ಕೆಳಗೆ ಗುರುತು. ಮುಂದಕ್ಕೆ ಬಾಗಿದಾಗ ಆ 15 ಕನಿಷ್ಠ 20 ಆಗಬೇಕು. ನನ್ನದು 17. ಗೋಡೆಗೆ ಬೆನ್ನು ಒತ್ತಿ ನಿಂತರೆ ತಲೆ ಗೋಡೆಗೆ ತಾಗಲೇ ಇಲ್ಲ. ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನ್, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಉರಿಯೂತದಿಂದ ಬೆನ್ನುಮೂಳೆ ಬಿಗಿಯುವ ಕಾಯಿಲೆ) ಅಂತ ಖಚಿತ. ಟೇಪು ಒಂದನ್ನೇ ನೋಡಿ ಹೇಳಲಿಲ್ಲ ಅವರು. ಆದರೆ ಯಾವ ಕಡೆ ಹುಡುಕಬೇಕು ಅಂತ ಟೇಪು ತೋರಿಸಿತು. ಆರು ವರ್ಷ ಮೊದಲೇ ಯಾರಾದರೂ ಅಳೆದಿದ್ದರೆ ನನ್ನ ಬೆನ್ನು ಇಷ್ಟು ಬಾಗುತ್ತಿರಲಿಲ್ಲ.

ಹುಬ್ಬಳ್ಳಿಅಕ್ಕ
ಅಯ್ಯೋ ಪಾಪ. ನಾನೂ ಅದೇ ಹೇಳುವುದು. ಎಲ್ಲರಿಗೂ ಒಂದೇ ಟೆಸ್ಟ್ ಅಲ್ಲ. ತುಂಗಾತೀರ ಅವರೇ, ಕಿವಿ ತೋರಿಸ್ರಿ.

ಅಳತೆಪಟ್ಟಿ
ತಲೆ ಸುತ್ತು ಇದೆ ಅಂತ ಅವರು ಎಲ್ಲೂ ಹೇಳಿಲ್ಲ. ಬಿದ್ದವರೆಲ್ಲರಿಗೂ ಕಿವಿ ಅಂದರೆ ಹೇಗೆ?

ಹುಬ್ಬಳ್ಳಿಅಕ್ಕ
ನನಗೂ ಮೊದಲು ಯಾರೂ ಕೇಳಿರಲಿಲ್ಲ! ಅದಕ್ಕೇ ಹೇಳಿದ್ದು.

ರಾಗಿಮುದ್ದೆ
ನಮ್ಮ ಅತ್ತೆಯೂ ಬಚ್ಚಲಲ್ಲೇ ಬೀಳುತ್ತಿದ್ದರು. ಹಜಾರದಲ್ಲಿ, ಬೀದಿಯಲ್ಲಿ ಒಂದು ದಿನವೂ ಬಿದ್ದಿಲ್ಲ. ಟೈಲ್ಸ್ ಜಾರುತ್ತದೆ ಅಂತ 19,000 ಕೊಟ್ಟು ಕೀಳಿಸಿ ಒರಟು ಟೈಲ್ಸ್ ಹಾಕಿಸಿದೆವು. ಮತ್ತೆ ಬಿದ್ದರು.

ನರರೋಗ ವೈದ್ಯರು ಒಂದೇ ಪ್ರಶ್ನೆ ಕೇಳಿದರು. ಬಿದ್ದಾಗ ಕಣ್ಣು ಮುಚ್ಚಿತ್ತಾ? ಹೌದು, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದರು. ಪಾದ ಜೋಡಿಸಿ ನಿಲ್ಲಿಸಿದರು. ಕಣ್ಣು ತೆರೆದಿದ್ದಾಗ ಚೆನ್ನಾಗಿ ನಿಂತರು. ಕಣ್ಣು ಮುಚ್ಚಿದ ನಾಲ್ಕು ಸೆಕೆಂಡಿಗೆ ವಾಲಿದರು, ಡಾಕ್ಟರ್ ಹಿಡಿದುಕೊಂಡರು. ರೋಂಬರ್ಗ್ ಟೆಸ್ಟ್. ಪಾದ ಎಲ್ಲಿದೆ ಅಂತ ಮಿದುಳಿಗೆ ಸುದ್ದಿ ಸರಿಯಾಗಿ ಹೋಗುತ್ತಿರಲಿಲ್ಲ. ಅಲ್ಲಿಯವರೆಗೆ ಕಣ್ಣೇ ಆ ಕೆಲಸ ಮಾಡುತ್ತಿತ್ತು. ಟ್ಯೂನಿಂಗ್ ಫೋರ್ಕ್ ಹೆಬ್ಬೆರಳಿಗೆ ಇಟ್ಟರೆ ನಡುಕವೇ ಗೊತ್ತಾಗಲಿಲ್ಲ. ಬಿ12 ತೀರಾ ಕಡಿಮೆ. ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ 12 ವರ್ಷದಿಂದ ತಗೊಳ್ಳುತ್ತಿದ್ದರು, ಅದರಿಂದಲೂ ಬಿ12 ಇಳಿಯುತ್ತದಂತೆ. ಇಂಜೆಕ್ಷನ್ ಶುರುವಾಯಿತು. ಪೂರ್ತಿ ಸರಿಯಾಗಿಲ್ಲ. ಆದರೆ ಎರಡು ವರ್ಷದಿಂದ ಬಿದ್ದಿಲ್ಲ.

ಇದನ್ನು ಮನೆಯಲ್ಲಿ ಒಬ್ಬರೇ ಮಾಡಿಸಬೇಡಿ. ಹಿಡಿಯಲು ಯಾರಾದರೂ ಹತ್ತಿರ ನಿಂತಿರಲೇಬೇಕು.

ಸೂರ್ಯನಮಸ್ಕಾರ108
ಇವತ್ತು ಬೆಳಗ್ಗೆ ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಂತು ನೋಡಿದೆ. 6 ಸೆಕೆಂಡು. ತೆರೆದರೆ 40. ಇಷ್ಟು ವ್ಯತ್ಯಾಸ ಇರಬಹುದಾ?

ಅಳತೆಪಟ್ಟಿ
ಇರುತ್ತದೆ ಸಾರ್. ನಿಮ್ಮ ವಯಸ್ಸಿಗೆ ಭಯ ಪಡುವಂಥದ್ದಲ್ಲ. ಪಾದ ಜೋಡಿಸಿ ನಿಲ್ಲುವುದು ಬೇರೆ ಟೆಸ್ಟ್, ಇದು ಬೇರೆ. ಎರಡನ್ನೂ ಬೆರೆಸಬೇಡಿ.

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ಕೇಳಿದೆ. ಒಂದು ಸಲ ತಲೆ ಮೇಲೆ ನೀರು ಸುರಿದುಕೊಳ್ಳುವಾಗ ಬಿದ್ದದ್ದು, ಕಣ್ಣು ಮುಚ್ಚಿತ್ತು. ಇನ್ನೊಂದು ಸಲ ಮಣೆಯಿಂದ ಏಳುವಾಗ, ಅದು ಹೇಗಾಯಿತು ಅಂತ ನೆನಪಿಲ್ಲ ಅಂದರು. ಬಿಪಿ ಮಾತ್ರೆ ಇದೆ, ಹೋದ ವರ್ಷ ಡೋಸ್ ಜಾಸ್ತಿ ಮಾಡಿದ್ದಾರೆ.

ಅಳತೆಪಟ್ಟಿ
ಹಾಗಾದರೆ ಮಲಗಿಸಿ ಐದು ನಿಮಿಷ ಬಿಟ್ಟು ಬಿಪಿ ನೋಡಿ. ನಿಲ್ಲಿಸಿ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಇಳಿದರೆ, ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಸಿಟ್ಟಿಂಗ್ 24 ಒಟ್ಟಿಗೆ ಕಟ್ಟಬೇಡಿ. ಆರಕ್ಕೆ ಕಟ್ಟಿ, ಮತ್ತೆ ಅದೇ ಕುರ್ಚಿ, ಅದೇ ಚಪ್ಪಲಿಯಲ್ಲಿ ಅಳೆಯಲು ಹೇಳಿ.

ಕಾಫಿಹೂ
ಬಚ್ಚಲಿಗೆ ಹಿಡಿಕೆ ಹಾಕಿಸುವಾಗ ಗಾಳಿ ಒತ್ತಿ ಅಂಟಿಸುವುದು ತರಬೇಡಿ. ನಾವು 650 ಕೊಟ್ಟು ತಂದೆವು, ಹನ್ನೊಂದನೇ ದಿನ ಅಪ್ಪನ ಕೈಗೇ ಕಿತ್ತು ಬಂತು. ಗೋಡೆ ಕೊರೆದು ಸ್ಕ್ರೂ ಹಾಕಿಸಿ. ಮಣೆ ತೆಗೆದು ಸ್ಟೂಲ್ ಇಡಿ.